ಟೆನ್ನೆಸೀನ್ ಯಾವ ಬಣ್ಣ, ಆರು ಪರಮಾಣು ಇಟ್ಕೊಂಡು ಸಾಂದ್ರತೆ ಅಳೆದ್ರಾ?

ಪ್ರಶ್ನೆ: ಸಾರ್ ನಮಸ್ತೆ. ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು ನಾನು. ಪೀರಿಯಾಡಿಕ್ ಟೇಬಲ್ ಪಾಠ ಮಾಡ್ತಿದ್ದಾಗ ಹತ್ತನೇ ಕ್ಲಾಸಿನ ಒಬ್ಬ ಹುಡುಗಿ 117ನೇ ಧಾತು ಟೆನ್ನೆಸೀನ್ ತೋರಿಸಿ ಇದು ಯಾವ ಬಣ್ಣ ಸಾರ್, ಕ್ಲೋರಿನ್ ಕೆಳಗೇ ಇದೆಯಲ್ಲ, ಇದೂ ಉಪ್ಪು ಮಾಡುತ್ತಾ ಅಂದ್ಲು. ನೆಟ್ಟಲ್ಲಿ ಹುಡುಕಿದ್ರೆ ಒಂದು ಕಡೆ ಮೊದಲು ಆರೇ ಪರಮಾಣು ಸಿಕ್ಕಿದ್ದು ಅಂತಿದೆ, ಇನ್ನೊಂದು ಕಡೆ ಕರಗುವ ಬಿಂದು, ಸಾಂದ್ರತೆ ಎಲ್ಲಾ ಬರ್ದಿದ್ದಾರೆ. ಆರು ಪರಮಾಣುದು ಸಾಂದ್ರತೆ ಹೇಗೆ ಅಳೆದ್ರು? ಕಣ್ಣು ಮಿಟುಕಿಸೋದ್ರೊಳಗೆ ಇಲ್ಲದೇ ಹೋಗೋದನ್ನ ಇದೆ ಅಂತ ಒಪ್ಕೊಂಡಿದ್ದು ಹೇಗೆ? ಹಿಂದಿನ ಬೆಂಚಿನ ಹುಡುಗರು 108ನೇ ಹ್ಯಾಸಿಯಂಗೂ ನಮ್ಮ ಹಾಸನಕ್ಕೂ ಸಂಬಂಧ ಇದ್ಯಾ ಅಂತಾನೂ ಕೇಳಿದ್ರು. ಮುಂದೆ 119 ಬರುತ್ತಾ ಅಂತಾನೂ.

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾಗೇ ಇದೆ. ಅಳೆದಿಲ್ಲ. ಟೆನ್ನೆಸೀನ್ ಕರಗುವ ಬಿಂದು ಯಾರೂ ಅಳೆದಿಲ್ಲ, ಬಣ್ಣ ಯಾರೂ ನೋಡಿಲ್ಲ, ಯಾವುದರ ಜೊತೆನೂ ಅದನ್ನ ಸೇರಿಸಿ ನೋಡಿಲ್ಲ. ನೆಟ್ಟಲ್ಲಿ ಕಾಣೋ 350ರಿಂದ 550 ಡಿಗ್ರಿ ಸೆಲ್ಸಿಯಸ್, ಘನ ಸೆಂಟಿಮೀಟರಿಗೆ 7.1ರಿಂದ 7.3 ಗ್ರಾಂ, ಇವೆಲ್ಲ ಕೂತು ಲೆಕ್ಕ ಹಾಕಿದ ಅಂಕಿಗಳು. ಲೆಕ್ಕ ಹಾಕೋದು ತಪ್ಪಲ್ಲ, ಒಳ್ಳೊಳ್ಳೆ ಥಿಯರಿ ಜನ ಹಾಕಿದ ಲೆಕ್ಕ ಅದು, ಆದ್ರೆ ಕಬ್ಬಿಣದ ಕರಗುವ ಬಿಂದು ಬರೆದ ಕಾಲಂನಲ್ಲೇ ಅದೇ ಶಾಯಿಲಿ ಇದನ್ನೂ ಅಚ್ಚು ಹಾಕಿ ಮಕ್ಕಳ ಕೈಗೆ ಕೊಡ್ತಾರಲ್ಲ, ಅದು ನನಗೆ ಸರಿ ಕಾಣಲ್ಲ. ಟೆನ್ನೆಸೀನ್ ವಿಷಯದಲ್ಲಿ ನಿಜವಾಗ್ಲೂ ಅಳೆದಿರೋದು ಬೆರಳೆಣಿಕೆ ಸಂಗತಿ: ಅದು ಒಡೆದಾಗ ಹೊರಗೆ ಬಂದ ಆಲ್ಫಾ ಕಣದ (ಎರಡು ಪ್ರೋಟಾನ್, ಎರಡು ನ್ಯೂಟ್ರಾನ್ ಕೂಡಿದ ತುಣುಕು) ಶಕ್ತಿ ಎಷ್ಟು, ಒಡೆಯೋಕೆ ಎಷ್ಟು ಹೊತ್ತು ತಗೊಳ್ತು, ಡಿಟೆಕ್ಟರಲ್ಲಿ ಎಲ್ಲಿ ಬಿತ್ತು, ಆಮೇಲೆ ಅದೇ ಜಾಗದಲ್ಲಿ ಏನೇನಾಯ್ತು. ಇಷ್ಟರಲ್ಲೇ ಒಂದು ಧಾತು ಇದೆ ಅಂತ ಸಾಬೀತು ಮಾಡಿದ್ರು. ಹೇಗೆ ಅಂತ ಹೇಳೋಕೆ ಮೊದಲು ಅದನ್ನ ಮಾಡಿದ್ದು ಹೇಗೆ ಅಂತ ಹೇಳ್ಬೇಕು.

ಪ್ರೋಟಾನ್ ಲೆಕ್ಕ ಮಕ್ಕಳಿಗೂ ಬರುತ್ತೆ. ಕ್ಯಾಲ್ಸಿಯಂಗೆ 20, ಬರ್ಕೀಲಿಯಂಗೆ 97, ಕೂಡಿದ್ರೆ 117. ಕ್ಯಾಲ್ಸಿಯಂ ನ್ಯೂಕ್ಲಿಯಸ್ಸನ್ನ ಜೋರಾಗಿ ತಗೊಂಡೋಗಿ ಬರ್ಕೀಲಿಯಂಗೆ ಹೊಡೆಯೋದು, ಎರಡೂ ಅಂಟ್ಕೊಂಡ್ರೆ ಆಯ್ತು. ಎರಡಕ್ಕೂ ಪಾಸಿಟಿವ್ ಚಾರ್ಜ್ ಇರೋದ್ರಿಂದ ಒಂದನ್ನೊಂದು ತಳ್ತವೆ, ಅದಕ್ಕೆ ಬೆಳಕಿನ ವೇಗದ ಹತ್ತನೇ ಒಂದು ಭಾಗದಷ್ಟು ಸ್ಪೀಡ್ ಬೇಕು. ಸ್ಪೀಡ್ ಜಾಸ್ತಿ ಆದ್ರೆ ಅಂಟಿಕೊಂಡಿದ್ದು ಅಲ್ಲೇ ಎರಡು ಹೋಳು, ಕಮ್ಮಿ ಆದ್ರೆ ಮುಟ್ಟೋದೇ ಇಲ್ಲ. ಕ್ಯಾಲ್ಸಿಯಂ ಅಂದ್ರೆ ಸುಣ್ಣದಲ್ಲಿರೋ ಸಾಮಾನ್ಯದ್ದಲ್ಲ, ಕ್ಯಾಲ್ಸಿಯಂ-48, ಅಂದ್ರೆ ಪ್ರೋಟಾನ್ ನ್ಯೂಟ್ರಾನ್ ಎಲ್ಲ ಕೂಡಿ 48 ಇರೋದು. ಪ್ರಕೃತಿಲಿ ಸಿಗೋ ಕ್ಯಾಲ್ಸಿಯಂನಲ್ಲಿ ಅದು ಶೇಕಡಾ 0.19ರಷ್ಟೂ ಇಲ್ಲ, ಬೇರೆ ಮಾಡೋದು ಭಾರೀ ದುಬಾರಿ. ಅದೇ ಯಾಕೆ ಅಂದ್ರೆ ಅದರಲ್ಲಿ 28 ನ್ಯೂಟ್ರಾನ್ ಇದೆ, ಇಂಥ ಭಾರಿ ನ್ಯೂಕ್ಲಿಯಸ್ಸು ಒಂಚೂರಾದ್ರೂ ನಿಲ್ಬೇಕು ಅಂದ್ರೆ ನ್ಯೂಟ್ರಾನ್ ಧಾರಾಳವಾಗಿರ್ಬೇಕು.

ನಿಜವಾದ ತಲೆನೋವು ಬರ್ಕೀಲಿಯಂ. ಅದು ಗಣಿಯಲ್ಲಿ ಸಿಗಲ್ಲ, ರಿಯಾಕ್ಟರಲ್ಲೇ ಮಾಡ್ಬೇಕು, ಮಾಡಿದ್ರೂ ಬರ್ಕೀಲಿಯಂ-249ರ ಅರ್ಧಾಯು ಸುಮಾರು 330 ದಿನ ಅಷ್ಟೆ, ಅಷ್ಟರಲ್ಲಿ ಅರ್ಧ ಭಾಗ ಕ್ಯಾಲಿಫೋರ್ನಿಯಂ ಆಗಿರುತ್ತೆ. 118ನೇ ಧಾತು ಸಿಕ್ತು ಅಂತ 2006ರಲ್ಲೇ ಘೋಷಣೆ ಆಗಿ, 117 ಮಾತ್ರ 2010ರ ತನಕ ಖಾಲಿ ಮನೆಯಾಗಿ ಉಳಿದಿದ್ದು ಇದಕ್ಕೇ. 118ಕ್ಕೆ ಬೇಕಾದ್ದು ಕ್ಯಾಲಿಫೋರ್ನಿಯಂ, ಅದಕ್ಕೆ ವ್ಯಾಪಾರ ಇದೆ, ತೈಲ ಬಾವಿ ಪರೀಕ್ಷೆ ಮಾಡೋರು ರಿಯಾಕ್ಟರ್ ಸ್ಟಾರ್ಟ್ ಮಾಡೋರು ಎಲ್ಲ ತಗೊಳ್ತಾರೆ. ಬರ್ಕೀಲಿಯಂಗೆ ಗಿರಾಕಿನೇ ಇಲ್ಲ. ರಷ್ಯಾದ ದುಬ್ನಾ ಅನ್ನೋ ಊರಿನ ಲ್ಯಾಬಲ್ಲಿ ಯೂರಿ ಒಗಾನೆಸಿಯಾನ್ ಅವರ ತಂಡಕ್ಕೆ ಹೊಡೆಯೋ ಕ್ಯಾಲ್ಸಿಯಂ ಬೀಮ್ ಇತ್ತು, ಅನುಭವ ಇತ್ತು, ಹೊಡೆಸ್ಕೊಳ್ಳೋ ಬರ್ಕೀಲಿಯಂ ಟಾರ್ಗೆಟ್ ಇರ್ಲಿಲ್ಲ. ಟಾರ್ಗೆಟ್ ಮಾಡೋ ತಾಕತ್ತು ಇದ್ದಿದ್ದು ಅಮೆರಿಕಾದ ಟೆನ್ನೆಸೀ ರಾಜ್ಯದ ಓಕ್ ರಿಡ್ಜ್ ಲ್ಯಾಬಿಗೆ. ಅಲ್ಲಿ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಜೋಸೆಫ್ ಹ್ಯಾಮಿಲ್ಟನ್ ಅನ್ನೋ ಪ್ರೊಫೆಸರ್ ನಡುವೆ ನಿಂತು ಎರಡೂ ಕಡೆಯವರನ್ನ ಸೇರಿಸಿದ್ರು. ಆದ್ರೂ ಬರೀ ಬರ್ಕೀಲಿಯಂಗೋಸ್ಕರ ರಿಯಾಕ್ಟರ್ ಓಡಿಸಿದ್ರೆ ಖರ್ಚು ಯಾರು ಕೊಡ್ತಾರೆ ಹೇಳಿ. ಹಾಗಾಗಿ ಕ್ಯಾಲಿಫೋರ್ನಿಯಂ ಆರ್ಡರ್ ಬರೋ ತನಕ ಕಾದ್ರು, ಯಾಕಂದ್ರೆ ಅದನ್ನ ಮಾಡುವಾಗ ಬರ್ಕೀಲಿಯಂ ಉಪ ಉತ್ಪನ್ನವಾಗಿ ಬರುತ್ತೆ. ಆರ್ಡರ್ ಬಂದಿದ್ದು 2008ರಲ್ಲಿ. ಸುಮಾರು 250 ದಿನ ರಿಯಾಕ್ಟರಲ್ಲಿ ನ್ಯೂಟ್ರಾನ್ ಹೊಡ್ಸಿ, ತಣಿಯೋಕೆ ಬಿಟ್ಟು ಶುದ್ಧ ಮಾಡೋಕೆ ಇನ್ನೊಂದು 90 ದಿನ, ಇಷ್ಟೆಲ್ಲ ಆಗಿ ಕೈಗೆ ಬಂದ ಮಾಲು 22 ಮಿಲಿಗ್ರಾಂ.

ಇಲ್ಲಿಂದ ಮುಂದಿನದ್ದು ತಾಲ್ಲೂಕಾಫೀಸಿಗೆ ಅಲೆದೋರಿಗೆ ಚೆನ್ನಾಗಿ ಅರ್ಥ ಆಗುತ್ತೆ. ಮಾಲು 2009ರ ಜೂನಲ್ಲಿ ವಿಮಾನದಲ್ಲಿ ಹೊರಡ್ತು, ಸೀಸದ ಡಬ್ಬಿಗಳಲ್ಲಿ. ಆ ಕಡೆ ಕಸ್ಟಮ್ಸ್‌ನೋರು ಕಾಗದ ಪತ್ರ ಸರಿಯಿಲ್ಲ ಅಂತ ವಾಪಸ್ ಕಳ್ಸಿದ್ರು. ಸರಿ ಮಾಡಿ ಮತ್ತೆ ಕಳ್ಸಿದ್ರು, ಮತ್ತೆ ವಾಪಸ್. ಒಟ್ಟು ಐದು ಸಲ ಅಟ್ಲಾಂಟಿಕ್ ದಾಟಿದ ಮೇಲೆ ಒಳಗೆ ಬಿಟ್ರು. ಒಂದೊಂದು ದಿನ ಹೋದಾಗ್ಲೂ ಡಬ್ಬಿಯೊಳಗಿನ ಬರ್ಕೀಲಿಯಂ ಕಮ್ಮಿ ಆಗ್ತಾ ಇತ್ತು ಅನ್ನೋದು ನೆನಪಿಟ್ಕೊಳ್ಳಿ. ಆಮೇಲೆ ದಿಮಿತ್ರೊವ್‌ಗ್ರಾದ್ ಅನ್ನೋ ಊರಲ್ಲಿ ಅದನ್ನ ತೆಳು ಟೈಟಾನಿಯಂ ಹಾಳೆ ಮೇಲೆ ಇನ್ನೂ ತೆಳುವಾಗಿ ಲೇಪಿಸಿ ದುಬ್ನಾಕ್ಕೆ ಕೊಟ್ರು, ಜುಲೈ ಕೊನೆ ಹೊತ್ತಿಗೆ ಬೀಮ್ ಶುರು ಆಯ್ತು.

ಸುಮಾರು 150 ದಿನ ಹೊಡೆದ್ರು. ಸೆಕೆಂಡಿಗೆ ಲಕ್ಷ ಕೋಟಿಗಳ ಲೆಕ್ಕದಲ್ಲಿ ಕ್ಯಾಲ್ಸಿಯಂ ನ್ಯೂಕ್ಲಿಯಸ್ಸು ಆ ಹಾಳೆ ಮೇಲೆ ಬೀಳ್ತಿತ್ತು, ಹೆಚ್ಚುಕಮ್ಮಿ ಎಲ್ಲಾ ಹಾಗೇ ಹಾದು ಹೋಗ್ತವೆ, ಕೆಲವು ತಾಗಿ ಚೂರಾಗ್ತವೆ, ಪೂರ್ತಿ ಅಂಟ್ಕೊಂಡು ಉಳಿದಿದ್ದು ತಿಂಗಳಿಗೆ ಒಂದೋ ಎರಡೋ. ಹೀಗೆ ಅಂಟಿದ್ದು ಬಿಸಿಯಾಗಿರುತ್ತೆ, ಮೂರೋ ನಾಲ್ಕೋ ನ್ಯೂಟ್ರಾನ್ ಉಗುಳಿ ತಣ್ಣಗಾಗುತ್ತೆ. 48 ಕೂಡ್ಸು 249 ಅಂದ್ರೆ 297, ಅದರಲ್ಲಿ ನಾಲ್ಕು ಹೋದ್ರೆ ಟೆನ್ನೆಸೀನ್-293, ಮೂರು ಹೋದ್ರೆ 294. ಮೊದಲರ್ಧ ಕಾಲ ಬೀಮಿನ ಶಕ್ತಿ ಸ್ವಲ್ಪ ಜಾಸ್ತಿ ಇಟ್ರು, 293 ಐದು ಸಿಕ್ತು. ಆಮೇಲೆ ಸ್ವಲ್ಪ ಇಳಿಸಿದ್ರು, 294 ಒಂದು ಸಿಕ್ತು. ನೀವು ಓದಿದ ಆ ಆರು ಪರಮಾಣು ಇವೇ.

ಈಗ ನಂಬೋ ವಿಷಯ. ಟಾರ್ಗೆಟ್‌ನಿಂದ ಹೊರಬಿದ್ದ ಹೊಸ ನ್ಯೂಕ್ಲಿಯಸ್ಸನ್ನ ಅಯಸ್ಕಾಂತ ಇರೋ, ಕಮ್ಮಿ ಒತ್ತಡದ ಗ್ಯಾಸ್ ತುಂಬಿದ ಒಂದು ಸೆಪರೇಟರ್ ಒಳಗೆ ಹಾಯಿಸ್ತಾರೆ, ಬೇಡದ ಕಣಗಳು ಬಹುತೇಕ ಬೇರೆ ದಾರಿಗೆ ಬಾಗಿ ಹೋಗ್ತವೆ, ಇದು ಮೈಕ್ರೊಸೆಕೆಂಡ್ ಲೆಕ್ಕದಲ್ಲಿ ಹೋಗಿ ಸಿಲಿಕಾನ್ ಡಿಟೆಕ್ಟರೊಳಗೆ ನೆಟ್ಕೊಳ್ಳುತ್ತೆ. ಎಲ್ಲಿ ನೆಡ್ತು, ಯಾವಾಗ ನೆಡ್ತು ದಾಖಲೆ ಆಗುತ್ತೆ. ಕೆಲವು ಮಿಲಿಸೆಕೆಂಡ್ ಆದ್ಮೇಲೆ ಅದೇ ಜಾಗದಿಂದ ಸುಮಾರು 11 ಮಿಲಿಯನ್ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಆಲ್ಫಾ ಕಣ ಹಾರುತ್ತೆ. ಆಲ್ಫಾ ಹೋದ್ರೆ ಎರಡು ಪ್ರೋಟಾನ್ ಹೋದ ಹಾಗೆ, 117 ಹೋಗಿ 115 ಆಯ್ತು, ಅಂದ್ರೆ ಮಾಸ್ಕೋವಿಯಂ. ಇಂಥ ಸುಳಿವು ಸಿಕ್ಕ ತಕ್ಷಣ ಮಷಿನ್ ತಾನೇ ಬೀಮ್ ಆಫ್ ಮಾಡ್ಕೊಳ್ಳುತ್ತೆ, ಮುಂದಿನದ್ದು ಗದ್ದಲ ಇಲ್ಲದೆ ನೋಡೋಕೆ. ಇನ್ನೊಂದು ಆಲ್ಫಾ, 113 ನಿಹೋನಿಯಂ. ಇನ್ನೊಂದು, 111 ರೋಂಟ್ಜೆನಿಯಂ. 293 ಆದ್ರೆ ಇಲ್ಲಿಗೆ ಬಂದು ಎರಡು ಹೋಳಾಗಿ ಕಥೆ ಮುಗೀತು. 294 ಆದ್ರೆ ಇನ್ನೂ ಇಳೀತು: 109 ಮೈಟ್ನೇರಿಯಂ, 107 ಬೋರಿಯಂ, 105 ಡುಬ್ನಿಯಂ, ಆ ಕೊನೇದು ಗಂಟೆಗಟ್ಟಲೆ ಕೂತಿತ್ತು. ಪ್ರತಿ ಹೆಜ್ಜೆಗೂ ಇಂತಿಷ್ಟು ಶಕ್ತಿ, ಇಂತಿಷ್ಟು ಹೊತ್ತು, ಎಲ್ಲಾ ಒಂದೇ ಜಾಗದಲ್ಲಿ, ಇದೇ ಕ್ರಮದಲ್ಲಿ.

ನಿಮ್ಮ ಆಲೂರು ಸಕಲೇಶಪುರ ಕಡೆ ಮಕ್ಕಳಿಗೆ ಇದನ್ನ ಹೇಳೋದು ಸುಲಭ. ರಾತ್ರಿ ಆನೆ ಬಂದಿದ್ದನ್ನ ಯಾರೂ ನೋಡಿರಲ್ಲ. ಬೆಳಗ್ಗೆ ಬೇಲಿ ಕಿತ್ತಿರುತ್ತೆ, ಬಾಳೆ ಮಲಗಿರುತ್ತೆ, ಕಾಫಿ ಗಿಡದ ಸಾಲಲ್ಲಿ ಹೆಜ್ಜೆ, ಮುಂದೆ ಬಿಸಿ ಲದ್ದಿ. ಬೇಲಿ ಒಂದೇ ಬಿದ್ದಿದ್ರೆ ಮರದ ಕೊಂಬೆ ಬಿತ್ತೇನೋ ಅನ್ಬಹುದು, ಬಾಳೆ ಒಂದೇ ಬಿದ್ದಿದ್ರೆ ಗಾಳಿ ಅನ್ಬಹುದು, ನಾಲ್ಕೂ ಒಂದೇ ದಾರಿಲಿ ಸಾಲಾಗಿ ಇದ್ರೆ ಯಾರೂ ವಾದ ಮಾಡಲ್ಲ, ಹೆಜ್ಜೆ ಅಳತೆ ನೋಡಿ ಮರಿ ಜೊತೇಲಿತ್ತು ಅಂತಾನೂ ಹೇಳ್ತಾರೆ. ಬಿಡಿಬಿಡಿಯಾಗಿ ಒಂದೊಂದು ಆಲ್ಫಾಗೂ ಬೇರೆ ಕಾರಣ ಇರಬಹುದು, ಡಿಟೆಕ್ಟರಲ್ಲಿ ಕಸ ಬೇಕಾದಷ್ಟು ಬೀಳುತ್ತೆ. ಇಡೀ ಸರಣಿ ಆಕಸ್ಮಿಕವಾಗಿ ಕೂಡಿ ಬರೋ ಸಾಧ್ಯತೆ ಲೆಕ್ಕ ಹಾಕಿದ್ರೆ ನಗಣ್ಯ.

ಆದ್ರೂ ಒಂದೇ ಲ್ಯಾಬ್ ಹೇಳಿದ್ರೆ ಸಾಕು ಅಂತ ಯಾರೂ ಒಪ್ಪಲ್ಲ, ಒಪ್ಪಲೂಬಾರದು. 1999ರಲ್ಲಿ ಅಮೆರಿಕಾದ ಬರ್ಕ್ಲಿ ಲ್ಯಾಬಿನವರು 118 ಸಿಕ್ತು ಅಂತ ಪೇಪರ್ ಹಾಕಿದ್ರು, ಇದೇ ತರ ಆಲ್ಫಾ ಸರಣಿ ತೋರಿಸಿ. ಬೇರೆ ಲ್ಯಾಬ್‌ಗಳು ಎಷ್ಟು ತಲೆ ಕೆಡಿಸ್ಕೊಂಡ್ರೂ ಸಿಗ್ಲಿಲ್ಲ, ಕೊನೆಗೆ ಬರ್ಕ್ಲಿಯವರೇ ತಮ್ಮ ಮೂಲ ಡೇಟಾ ತೆಗೆದು ನೋಡಿದ್ರೆ ಆ ಸರಣಿಗಳು ಅಲ್ಲಿ ಇರ್ಲೇ ಇಲ್ಲ. ಪೇಪರ್ ವಾಪಸ್ ತಗೊಂಡ್ರು. ಹಾಗಾಗಿ 117ರ ವಿಷಯದಲ್ಲಿ ದುಬ್ನಾದವರು ಮತ್ತೆ ಮಾಡಿ ನೋಡಿದ್ದಲ್ಲದೆ, ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್ಐ ಲ್ಯಾಬ್ ತನ್ನದೇ ಬೇರೆ ಮಷಿನ್, ಬೇರೆ ಸೆಪರೇಟರ್ ಇಟ್ಕೊಂಡು 2014ರಲ್ಲಿ 294ರ ಸರಣಿ ಮತ್ತೆ ತೋರಿಸ್ತು. ಬರ್ಕೀಲಿಯಂ ಮಾತ್ರ ಓಕ್ ರಿಡ್ಜ್‌ದೇ. ಆ ತಂಡದಲ್ಲಿ ಕೋಲ್ಕತ್ತದ ಸಾಹಾ ಇನ್‌ಸ್ಟಿಟ್ಯೂಟ್‌ನೋರೂ ಇದ್ರು, ಇದನ್ನ ಮಕ್ಕಳಿಗೆ ಖಂಡಿತ ಹೇಳಿ. 2015ರ ಡಿಸೆಂಬರ್ 30ಕ್ಕೆ ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಒಪ್ಕೊಳ್ತು, 2016ರ ನವೆಂಬರಲ್ಲಿ ಹೆಸರು ಖಾಯಂ ಆಯ್ತು.

ಇನ್ನೊಂದು ಮಾತು, ಕಣ್ಣು ಮಿಟುಕಿಸೋದ್ರೊಳಗೆ ಹೋಗೋದು ಧಾತು ಹೇಗಾಗುತ್ತೆ ಅಂದ್ರಲ್ಲ. ಅದಕ್ಕೊಂದು ನಿಯಮ ಇದೆ: ನ್ಯೂಕ್ಲಿಯಸ್ಸು ಕನಿಷ್ಠ 10ರ ಮೈನಸ್ 14ನೇ ಘಾತ ಸೆಕೆಂಡ್ ಇರ್ಬೇಕು, ಸುತ್ತ ಎಲೆಕ್ಟ್ರಾನ್ ಸೇರ್ಕೊಂಡು ಪರಮಾಣು ಅನ್ನಿಸ್ಕೊಳ್ಳೋಕೆ ಅಷ್ಟು ಹೊತ್ತು ಬೇಕು ಅಂತ. 294ರ ಅರ್ಧಾಯು ಸುಮಾರು 51 ಮಿಲಿಸೆಕೆಂಡ್, 293ರದ್ದು ಸುಮಾರು 22. ಆ ಗಡುವಿಗೆ ಹೋಲಿಸಿದ್ರೆ ಇದು ಲಕ್ಷ ಕೋಟಿ ಪಟ್ಟು ಜಾಸ್ತಿ, ನಿಯಮದ ಪ್ರಕಾರ ಟೆನ್ನೆಸೀನ್ ದೀರ್ಘಾಯುಷಿನೇ.

ಈಗ ಹುಡುಗಿ ಪ್ರಶ್ನೆಗೆ ಬರ್ತೀನಿ, ಬಣ್ಣ ಮತ್ತೆ ಉಪ್ಪು. ಮೇಲಿಂದ ಇಳೀರಿ. ಫ್ಲೋರಿನ್ ತಿಳಿ ಹಳದಿ, ಕ್ಲೋರಿನ್ ಹಸಿರು ಮಿಶ್ರಿತ ಹಳದಿ, ಬ್ರೋಮಿನ್ ಕೆಂಪು ಕಂದು, ಅಯೋಡಿನ್ ಹೊಳೆಯೋ ಕಪ್ಪು, ಆವಿ ನೇರಳೆ. ಅದರ ಕೆಳಗೆ 85 ಆಸ್ಟಟೀನ್. ಅದನ್ನ 1940ರಲ್ಲೇ ಮಾಡಿದ್ರು, ಆದ್ರೆ ಕಣ್ಣಿಗೆ ಕಾಣೋಷ್ಟು ಇವತ್ತಿನ ತನಕ ಯಾರೂ ಕೂಡಿಟ್ಟಿಲ್ಲ, ಅದರಲ್ಲಿ ಜಾಸ್ತಿ ಬಾಳೋ ಬಗೆಗೇ ಅರ್ಧಾಯು 8 ಗಂಟೆ, ಕೂಡಿಟ್ಟರೆ ತನ್ನ ವಿಕಿರಣದ ಬಿಸಿಗೇ ಆವಿಯಾಗಿ ಹೋಗುತ್ತೆ. ಅಂದ್ರೆ ಬಣ್ಣದ ಪಟ್ಟಿ ಟೆನ್ನೆಸೀನ್‌ಗೆ ಬರೋಕೆ ಒಂದು ಮನೆ ಮುಂಚೆನೇ ನಿಂತು ಹೋಗಿದೆ. ಟೆನ್ನೆಸೀನ್ ಒಂದು ಗ್ರಾಂ ಹೇಗೋ ಕೂಡಿಟ್ವಿ ಅಂದ್ಕೊಳ್ಳಿ, ನಾನೇ ಕೂತು ಗುಣಾಕಾರ ಮಾಡಿದೆ, ಮೊದಲ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲೇ ಹೆಚ್ಚುಕಮ್ಮಿ ಅರ್ಧ ಟನ್ ಟಿಎನ್‌ಟಿ ಸಿಡಿದಷ್ಟು ಶಕ್ತಿ ಹೊರಗೆ ಬರುತ್ತೆ. ಬಣ್ಣ ನೋಡೋಕೆ ಯಾರೂ ಉಳಿಯಲ್ಲ. ಲೆಕ್ಕದವರು ಏನಂತಾರೆ ಅಂದ್ರೆ ಅದು ಅಯೋಡಿನ್ ತರಕ್ಕಿಂತ ಲೋಹದ ತರ ಇರೋ ಸಾಧ್ಯತೆ ಜಾಸ್ತಿ, ಗ್ಯಾಸಂತೂ ಅಲ್ಲ.

ಉಪ್ಪಿನ ವಿಷಯ ಇನ್ನೂ ಚೆನ್ನಾಗಿದೆ. ಕ್ಲೋರಿನ್ ಉಪ್ಪು ಮಾಡೋದು ಯಾಕೆ, ಒಂದು ಎಲೆಕ್ಟ್ರಾನ್ ಕಸ್ಕೊಂಡ್ರೆ ಅದರ ಹೊರಗಿನ ಸುತ್ತು ತುಂಬುತ್ತೆ ಅಂತ ತಾನೇ ನಾವು ಪಾಠ ಮಾಡೋದು. ಹಾಗೆ ಎಲೆಕ್ಟ್ರಾನ್ ಸೇರಿದಾಗ ಬಿಡುಗಡೆ ಆಗೋ ಶಕ್ತಿ ಕ್ಲೋರಿನ್‌ಗೆ 3.61 ಎಲೆಕ್ಟ್ರಾನ್‌ವೋಲ್ಟ್, ಬ್ರೋಮಿನ್‌ಗೆ 3.36, ಅಯೋಡಿನ್‌ಗೆ 3.06, ಆಸ್ಟಟೀನ್‌ಗೆ 2.42. ಈ ಕೊನೇದನ್ನ ಯುರೋಪಿನ ಭೌತಶಾಸ್ತ್ರ ಲ್ಯಾಬ್ ಆದ ಸರ್ನ್‌ನಲ್ಲಿ ನಿಜವಾಗಿ ಅಳೆದಿದ್ದು ಮೊನ್ನೆ ಮೊನ್ನೆ, 2020ರಲ್ಲಿ. ಟೆನ್ನೆಸೀನ್‌ಗೆ ಲೆಕ್ಕ ಹಾಕಿದ್ರೆ 2ಕ್ಕಿಂತಾನೂ ಕೆಳಗೆ ಬರುತ್ತೆ. ಅಂದ್ರೆ ಕಸ್ಕೊಳ್ಳೋ ಆಸೆ ಇಳಿದಿದೆ, ಬದಲಿಗೆ ಒಂದೋ ಮೂರೋ ಎಲೆಕ್ಟ್ರಾನ್ ತಾನೇ ಬಿಟ್ಟು ಕೊಡೋ ಗುಣ ಜಾಸ್ತಿ. ಕಾರಣ ಐನ್‌ಸ್ಟೈನ್ ಸಾಪೇಕ್ಷತೆ. 117 ಪ್ರೋಟಾನ್ ಎಳೆಯೋ ಎಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನ್ ಬೆಳಕಿನ ವೇಗದ ಶೇಕಡಾ 85ರಷ್ಟು ವೇಗದಲ್ಲಿ ಓಡ್ಬೇಕಾಗುತ್ತೆ, 117ನ್ನ 137ರಿಂದ ಭಾಗಿಸಿ ನೋಡಿ, ಅದೇ ಆ ಅಂದಾಜು. ಅಷ್ಟು ವೇಗಕ್ಕೆ ಅದರ ದ್ರವ್ಯರಾಶಿ ಏರಿದ ಹಾಗಾಗಿ ಕಕ್ಷೆ ಒಳಗೆ ಕುಗ್ಗುತ್ತೆ, ಆ ಪರಿಣಾಮ ಹೊರಗಿನ ತನಕ ಬರುತ್ತೆ: ಹೊರಸುತ್ತಿನ ಏಳು ಎಲೆಕ್ಟ್ರಾನಲ್ಲಿ ನಾಲ್ಕು ಒಳಗೆ ಮುದುರಿ ಕೂತ್ಕೊಳ್ತವೆ, ಮೂರು ಮಾತ್ರ ಹೊರಗೆ ಸಡಿಲವಾಗಿ ಉಳಿತವೆ. ಗುಂಪು ನೋಡಿ ಗುಣ ಹೇಳ್ತೀವಲ್ಲ ನಾವು, ಆ ಉಪಾಯ ಇಷ್ಟು ಕೆಳಗೆ ಇಳಿದ ಮೇಲೆ ಪೂರ್ತಿ ಕೈ ಹಿಡಿಯಲ್ಲ. ಪರೀಕ್ಷೆಲಿ ಕೇಳಿದ್ರೆ 17ನೇ ಗುಂಪು, 7ನೇ ಆವರ್ತ ಅಂತಾನೇ ಬರೀಲಿ, ಅದು ಜಾಗದ ವಿಳಾಸ, ತಪ್ಪೇನಿಲ್ಲ. ಉಪ್ಪು ಮಾಡುತ್ತಾ ಅಂದ್ರೆ ಕ್ಲೋರಿನ್ ತರ ಸಲೀಸಾಗಿ ಮಾಡಲ್ಲ ಅಂತ ಲೆಕ್ಕ ಹೇಳುತ್ತೆ, ಪ್ರಯೋಗ ಇನ್ನೂ ಆಗಿಲ್ಲ, ಇಷ್ಟು ಹೇಳಿ.

ಪ್ರಯೋಗ ಯಾಕಾಗಿಲ್ಲ ಅಂದ್ರೆ ಪರಮಾಣು ಕಮ್ಮಿ ಅಂತಲ್ಲ. ಇಲ್ಲೇ ನಿಮ್ಮ ಹಿಂದಿನ ಬೆಂಚಿನವರ ಹ್ಯಾಸಿಯಂ ಬರುತ್ತೆ. ಹಾಸನಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದು ಜರ್ಮನಿಯ ಹೆಸ್ಸೆ ರಾಜ್ಯದ ಹೆಸರು, ಡಾರ್ಮ್‌ಸ್ಟಾಟ್ ಇರೋದು ಅಲ್ಲೇ, 1984ರಲ್ಲಿ ಮಾಡಿದ್ದು. ಆದ್ರೆ ಆ ಹ್ಯಾಸಿಯಂನ ಏಳೇ ಏಳು ಪರಮಾಣು ಇಟ್ಕೊಂಡು 2001ರಲ್ಲಿ ನಿಜವಾದ ರಸಾಯನಶಾಸ್ತ್ರ ಮಾಡಿದ್ದಾರೆ: ಆಕ್ಸಿಜನ್ ಜೊತೆ ಸೇರಿಸಿ, ಆ ಆಕ್ಸೈಡ್ ಆವಿ ಎಷ್ಟು ತಣ್ಣಗಿನ ಜಾಗದಲ್ಲಿ ಹೋಗಿ ಅಂಟ್ಕೊಳ್ಳುತ್ತೆ ನೋಡಿ, ಮೇಲಿನ ಆಸ್ಮಿಯಂ ತರಾನೇ ಇದು ಅಂತ ತೋರಿಸಿದ್ರು. ಏಳು ಸಾಕಾಯ್ತು, ಯಾಕಂದ್ರೆ ಆ ಹ್ಯಾಸಿಯಂ ಹತ್ತು ಸೆಕೆಂಡ್ ಲೆಕ್ಕದಲ್ಲಿ ಬಾಳುತ್ತೆ, ಗ್ಯಾಸಲ್ಲಿ ತೇಲಿಸಿ ಡಿಟೆಕ್ಟರ್ ತನಕ ತಗೊಂಡು ಹೋಗೋಕೆ ಟೈಮ್ ಸಿಗುತ್ತೆ. ಆಮೇಲೆ 112, 114ರ ಪರಮಾಣುಗಳನ್ನ ಚಿನ್ನದ ಮೇಲೆ ಹಾಯಿಸಿ, ಅಂಟುತ್ತಾ ಅಂತ ನೋಡಿದ್ರು, 2024ರಲ್ಲಿ ಜಿಎಸ್ಐನವರು 113, 115ರದ್ದೂ ಪ್ರಕಟ ಮಾಡಿದ್ರು, ಅಲ್ಲಿ ಮಾಸ್ಕೋವಿಯಂ ಬಾಳೋದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಟೆನ್ನೆಸೀನ್‌ದು ಇಪ್ಪತ್ತನೇ ಒಂದು ಭಾಗ. ಈಗಿರೋ ಕೊಳವೆ, ಈಗಿರೋ ಗ್ಯಾಸ್ ಸ್ಪೀಡಿಗೆ ಅದು ಡಿಟೆಕ್ಟರ್ ಮುಟ್ಟೋ ಮೊದಲೇ ಒಡೆದಿರುತ್ತೆ.

ಉಪಯೋಗ ಏನು ಅಂತ ಯಾರಾದ್ರೂ ಪೋಷಕರು ಕೇಳಿದ್ರೆ ಏನೂ ಇಲ್ಲ ಅಂತ ನೇರವಾಗಿ ಹೇಳಿ, ಕ್ಯಾನ್ಸರ್ ಔಷಧಿ ಅದು ಇದು ಅಂತ ಕಟ್ಟೋದು ಬೇಡ. ಮಾಡಿದವರಿಗೆ ಬೇಕಿದ್ದಿದ್ದು ಬೇರೆ. ನ್ಯೂಟ್ರಾನ್ 184ರ ಹತ್ತಿರ ಬಂದ್ರೆ ಈ ಭಾರಿ ನ್ಯೂಕ್ಲಿಯಸ್ಸುಗಳು ಜಾಸ್ತಿ ಹೊತ್ತು ನಿಲ್ತವೆ ಅಂತ 1960ರ ದಶಕದಲ್ಲೇ ಲೆಕ್ಕ ಹಾಕಿದ್ರು. ಟೆನ್ನೆಸೀನ್-293ರಲ್ಲಿ 176 ನ್ಯೂಟ್ರಾನ್, 294ರಲ್ಲಿ 177, ಒಂದೇ ಒಂದು ಜಾಸ್ತಿ ಆಗಿದ್ದಕ್ಕೆ ಅರ್ಧಾಯು ದುಪ್ಪಟ್ಟಿಗಿಂತ ಜಾಸ್ತಿ ಆಗಿದೆ. ಇಂಥ ಜೋಡಿಲಿ ನ್ಯೂಟ್ರಾನ್ ಸಂಖ್ಯೆ ಬೆಸವಾ ಸಮವಾ ಅನ್ನೋ ಆಟಾನೂ ಇರುತ್ತೆ, ಇದೊಂದನ್ನೇ ಹಿಡ್ಕೊಂಡು ತೀರ್ಮಾನ ಮಾಡ್ಬಾರದು, ಆದ್ರೆ ಸರಣಿಯ ಕೆಳಗಿನ ಧಾತುಗಳಲ್ಲೂ ಅದೇ ದಿಕ್ಕು ಕಾಣ್ತಿದೆ. 184ಕ್ಕೆ ಇನ್ನೂ ಏಳು ನ್ಯೂಟ್ರಾನ್ ಕಮ್ಮಿ ಇದೆ, ಆ ಏಳನ್ನ ಎಲ್ಲಿಂದ ತರೋದು ಅನ್ನೋದಕ್ಕೆ ಸದ್ಯಕ್ಕೆ ಯಾರ ಹತ್ರಾನೂ ದಾರಿ ಇಲ್ಲ.

119ರ ವಿಷಯ. ಕ್ಯಾಲ್ಸಿಯಂ ಉಪಾಯ 118ಕ್ಕೆ ಮುಗೀತು. 119 ಬೇಕಂದ್ರೆ ಟಾರ್ಗೆಟ್ 99 ಆಗ್ಬೇಕು, ಅದು ಐನ್‌ಸ್ಟೈನಿಯಂ, ಅದನ್ನ ಟಾರ್ಗೆಟ್‌ಗೆ ಸಾಲೋಷ್ಟು ಮಾಡೋಕಾಗಲ್ಲ. ಹಾಗಾಗಿ ಟಾರ್ಗೆಟ್ ಹಳೇದಿಟ್ಟು ಬೀಮ್ ಬದಲಾಯಿಸ್ತಿದ್ದಾರೆ. ಜಪಾನಿನ ಸಂಶೋಧನಾ ಸಂಸ್ಥೆ ರಿಕೆನ್‌ನೋರು ವನಾಡಿಯಂನ 23ನ್ನ ಕ್ಯೂರಿಯಂನ 96ಕ್ಕೆ ವರ್ಷಗಟ್ಟಲೆಯಿಂದ ಹೊಡೀತಿದ್ದಾರೆ. ಬರ್ಕ್ಲಿಯವರು 2024ರಲ್ಲಿ ಟೈಟಾನಿಯಂ-50 ಬೀಮಲ್ಲಿ ಪ್ಲುಟೋನಿಯಂಗೆ ಹೊಡೆದು 22 ದಿನದಲ್ಲಿ 116ನೇ ಲಿವರ್ಮೋರಿಯಂನ ಎರಡು ಪರಮಾಣು ತೋರಿಸಿದ್ರು. ಹಳೇ ಧಾತುನೇ, ಆದ್ರೆ ಟೈಟಾನಿಯಂ ಕೆಲಸ ಮಾಡುತ್ತೆ ಅಂತ ಅಷ್ಟರಲ್ಲಿ ಗೊತ್ತಾಯ್ತು. ಅವರ ಮುಂದಿನ ಗುರಿ ಅದೇ ಟೈಟಾನಿಯಂನ ಕ್ಯಾಲಿಫೋರ್ನಿಯಂಗೆ ಹೊಡೆಯೋದು. 22ಕ್ಕೆ 98 ಕೂಡ್ಸಿದ್ರೆ ಎಷ್ಟು ಅಂತ ಆ ಹುಡುಗಿನೇ ಲೆಕ್ಕ ಮಾಡ್ಲಿ, ಸರಿ ಹೋದ್ರೆ 119ಕ್ಕಿಂತ ಮೊದಲು ಅದೇ ಬಂದ್ರೂ ಬರಬಹುದು.